ಹೆಸರಿನ ಕರ್ತೃತ್ವ

ಕ್ರಿಯೆಯಲ್ಲಿ ಸ್ವಾತಂತ್ರ್ಯವುಳ್ಳವನನ್ನು ಪಾಣಿನಿಯು ಕರ್ತೃವೆಂದು ಗಣಿಸಿದನು. ಒಬ್ಬನು ಇನ್ನೊಬ್ಬನಿಂದ ಕೆಲಸವನ್ನು ಮಾಡಿಸಿದಾಗ, ಮಾಡಿಸುವವನನ್ನು ಪ್ರಯೋಜಕನೆಂದೂ ಮಾಡುವವನನ್ನು ಪ್ರಯೋಜ್ಯನೆಂದೂ ವೈಯಾಕರಣರು ವಿಂಗಡಿಸುತ್ತಾರೆ. ಇದು ಬರಿಯ ವ್ಯಾಕರಣದ ಮಾತಲ್ಲ. ಕೆಲಸ ಕೆಟ್ಟಾಗ ಹೊಣೆ ಯಾರದೆಂಬ ಧರ್ಮವಿಚಾರವೂ ಇದರಲ್ಲಿ ಅಡಗಿದೆ. ಈ ಕಾಲದ ಆಟವೊಂದು ಅದೇ ವಿಚಾರವನ್ನು ವಿಲಕ್ಷಣ ರೀತಿಯಲ್ಲಿ ಮುಂದಿರಿಸಿದೆ.

ವಿಡಿಯೋ ಆಟಗಳಲ್ಲಿ ಪಾತ್ರಧಾರಣೆಯ ಆಟಗಳೆಂಬ ಒಂದು ವರ್ಗವುಂಟು. ಆಡುವವನು ಕಥೆಯ ಪಾತ್ರವನ್ನು ವಹಿಸಿಕೊಂಡು, ಎಲ್ಲಿಗೆ ಹೋಗಬೇಕು, ಯಾರನ್ನು ಜೊತೆಗೂಡಿಸಿಕೊಳ್ಳಬೇಕು, ಹೇಗೆ ಹೋರಾಡಬೇಕು ಎಂಬುದನ್ನು ತಾನೇ ನಿರ್ಣಯಿಸುವುದೇ ಇವುಗಳ ಸ್ವಾರಸ್ಯ. 1987ರಲ್ಲಿ ಜಪಾನಿನಲ್ಲಿ ಆರಂಭವಾದ ‘ಫೈನಲ್ ಫ್ಯಾಂಟಸಿ’ ಮಾಲೆಯು ಇವುಗಳಲ್ಲಿ ಪ್ರಸಿದ್ಧವಾದುದು. ಅದರ 13ನೆಯ ಆಟವನ್ನು ಸ್ಕ್ವೇರ್ ಎನಿಕ್ಸ್ ಸಂಸ್ಥೆಯು 2009ರ ಡಿಸೆಂಬರಿನಲ್ಲಿ ಜಪಾನಿನಲ್ಲಿಯೂ, 2010ರ ಮಾರ್ಚ್ ತಿಂಗಳಲ್ಲಿ ಅಮೆರಿಕ ಯುರೋಪುಗಳಲ್ಲಿಯೂ ಹೊರತಂದಿತು. ಅದರ ಚಿತ್ರವೈಭವವು ಬಹುಜನರ ಮೆಚ್ಚಿಗೆಯನ್ನು ಪಡೆಯಿತಾದರೂ ಹಳೆಯ ಅಭಿಮಾನಿಗಳಲ್ಲಿ ಅನೇಕರು ನಿರಾಶರಾದರು.

ಕಾರಣವು ಸ್ಪಷ್ಟವಾಗಿದೆ. ಹದಿಮೂರು ಅಧ್ಯಾಯಗಳ ಆ ಕಥೆಯಲ್ಲಿ ಮೊದಲ ಹತ್ತು ಅಧ್ಯಾಯಗಳು ಬಹುಮಟ್ಟಿಗೆ ಒಂದೇ ಇಕ್ಕಟ್ಟಾದ ದಾರಿ. ಯಾರು ಜೊತೆಗಿರಬೇಕೆಂಬುದನ್ನು ಬಹುಕಾಲ ಕಥೆಯೇ ನಿರ್ಧರಿಸುತ್ತದೆ. ಯುದ್ಧದಲ್ಲಿ ಮೂವರಿದ್ದರೂ ಆಡುವವನ ಕೈಯಲ್ಲಿರುವವನು ನಾಯಕನೊಬ್ಬನೇ. ಅವನ ಪ್ರಹಾರಗಳನ್ನೂ ಒಂದು ಗುಂಡಿಯನ್ನು ಒತ್ತಿದರೆ ಯಂತ್ರವೇ ಆರಿಸಿಕೊಡುತ್ತದೆ. ಆದರೆ ನಾಯಕನು ಉರುಳಿದೊಡನೆ, ಉಳಿದಿಬ್ಬರು ನಿಂತಿದ್ದರೂ, ಸೋಲು ಆಡುವವನದು!

ಕಥಾವಸ್ತುವಾದರೋ ಇದಕ್ಕೆ ತೀರ ವಿರುದ್ಧ. ಅತಿಮಾನುಷ ಶಕ್ತಿಗಳು ಮನುಷ್ಯರಿಗೆ ಮುದ್ರೆಯೊತ್ತಿ ಒಂದು ಕಾರ್ಯವನ್ನು ವಿಧಿಸುತ್ತವೆ. ಮಾಡಿ ಮುಗಿಸಿದವನು ಸ್ಫಟಿಕವಾಗುತ್ತಾನೆ, ಮಾಡದವನು ವಿಕಾರಜಂತುವಾಗುತ್ತಾನೆ. ಈ ವಿಧಿಯನ್ನು ಆರು ಮಂದಿ ಧಿಕ್ಕರಿಸಿ ನಿಲ್ಲುವುದೇ ಕಥೆಯ ತಿರುಳು. ಪಾತ್ರಗಳು ವಿಧಿಯನ್ನು ಎದುರಿಸುತ್ತಿದ್ದರೆ, ಆಡುವವನು ಗೆರೆ ಕೊರೆದ ದಾರಿಯಲ್ಲಿ ನಡೆಯುತ್ತಾನೆ.

ಪುರಾಣಶ್ರವಣಕ್ಕೆ ಕುಳಿತವನೂ ಕಥೆಯನ್ನು ಬದಲಿಸಲಾರನಲ್ಲವೇ, ಅವನಿಗಿಲ್ಲದ ಅತೃಪ್ತಿ ಇವನಿಗೇಕೆ ಎಂದು ಕೇಳಬಹುದು. ಶ್ರೋತೃವನ್ನು ಯಾರೂ ಕರ್ತೃವೆಂದು ಕರೆದಿಲ್ಲ. ಸ್ವಾತಂತ್ರ್ಯವು ಅಲ್ಪವಾದುದು ದೋಷವಲ್ಲ. ಕರ್ತೃವೆಂಬ ಹೆಸರನ್ನಿತ್ತು ಕರ್ತೃತ್ವವನ್ನು ಹಿಂದಿರಿಸಿಕೊಂಡುದೇ ದೋಷ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆಕ್ರಮಣ, ರಕ್ಷಣೆ, ಶುಶ್ರೂಷೆ ಮೊದಲಾದ ಕರ್ತವ್ಯಗಳನ್ನು ಮೂವರಿಗೂ ಯುದ್ಧಮಧ್ಯದಲ್ಲಿ ಬದಲಿಸಿ ಹಂಚುವ ಅಧಿಕಾರವು ಆಡುವವನಿಗುಂಟು. ಹೊತ್ತರಿತು ಹಂಚಿದವನು ಗೆಲ್ಲುತ್ತಾನೆ. ಪ್ರತಿಯೊಂದು ಕೈಯನ್ನೂ ತಾನೇ ಆಡಿಸುವುದು ಕರ್ತೃತ್ವವಲ್ಲ. ತನ್ನ ನಿರ್ಣಯದಿಂದ ಫಲವು ವ್ಯತ್ಯಾಸವಾಗುವ ಒಂದು ಸ್ಥಾನವಿದ್ದರೂ ಸಾಕು. ಹನ್ನೊಂದನೆಯ ಅಧ್ಯಾಯದಲ್ಲಿ ವಿಶಾಲವಾದ ಬಯಲೂ ತೆರೆಯುತ್ತದೆ. ಆದರೆ ಅಷ್ಟರಲ್ಲಿ ಪ್ರಯಾಣದ ಬಹುಭಾಗ ಕಳೆದಿರುತ್ತದೆ. 2011ರಲ್ಲಿ ಬಂದ ಮುಂದಿನ ಭಾಗದಲ್ಲಿ ದಾರಿಗಳನ್ನೂ ಆಯ್ಕೆಗಳನ್ನೂ ಹೆಚ್ಚಿಸಲಾಯಿತು.

ಆಟದ ನಿರಾಶೆ ಆಟದೊಡನೆ ಮುಗಿಯುತ್ತದೆ, ಸಂಸಾರದ್ದು ಹಾಗಲ್ಲ. ಮಗನಿಗೆ ಯಜಮಾನನೆಂಬ ಹೆಸರನ್ನಿತ್ತು ಬೀಗದ ಕೈಯನ್ನು ತನ್ನ ಸೊಂಟದಲ್ಲಿಯೇ ಇಟ್ಟುಕೊಂಡ ತಂದೆಯು, ನಷ್ಟ ಬಂದ ವರ್ಷ ಲೆಕ್ಕ ಕೇಳುವುದು ಮಗನನ್ನು. ಲಗ್ನಪತ್ರಿಕೆ ಅಚ್ಚಾದ ಮೇಲೆ ಮಗಳ ಒಪ್ಪಿಗೆಯನ್ನು ಕೇಳಿ, ಮುಂದೆ ಅವಳು ಕಣ್ಣೀರಿಟ್ಟಾಗ ‘ನೀನೇ ಒಪ್ಪಿದೆಯಲ್ಲ’ ಎನ್ನುವ ಮನೆಗಳಿಲ್ಲವೇ? ಇವರೆಲ್ಲ ಪ್ರಯೋಜಕರಾಗಿದ್ದುಕೊಂಡು ಪ್ರಯೋಜ್ಯರ ತಲೆಯ ಮೇಲೆ ಹೊಣೆ ಹೊರಿಸುವವರು.

ಹೊಣೆಯನ್ನು ಕೊಡುವವನು ಅಧಿಕಾರವನ್ನೂ ಕೊಡಬೇಕು, ಅದೂ ಸಕಾಲದಲ್ಲಿ. ಕೊಡಲೊಲ್ಲದವನು ಸೋಲನ್ನು ತನ್ನ ಹೆಸರಿನಲ್ಲಿಯೇ ಬರೆದುಕೊಳ್ಳಬೇಕು. ಮಾಡಿಸಿದವನು ತಾನೆಂದು ಒಪ್ಪಿಕೊಳ್ಳುವುದು ಗೃಹಸ್ಥನಿಗೆ ಕಠಿನವಾದುದು, ಆದರೆ ಸತ್ಯವಾದುದು.