ಅಭಿನಯವೂ ಆತ್ಮಶೋಧನೆಯೂ

ಮನುಷ್ಯನು ತಾನಲ್ಲದವನಂತೆ ನಟಿಸುವುದು ಧರ್ಮವೋ ಅಧರ್ಮವೋ ಎಂಬ ಪ್ರಶ್ನೆ ಬಹು ಹಳೆಯದು. ನಡೆನುಡಿಗಳು ಒಂದಾಗಿರಬೇಕೆಂದು ಬೋಧಿಸುವ ಪರಂಪರೆಯಲ್ಲಿ ಬೆಳೆದವರಿಗೆ ಅದು ಇನ್ನಷ್ಟು ತೀಕ್ಷ್ಣವಾಗಿ ಎದುರಾಗುತ್ತದೆ. ರಂಗದ ಮೇಲೆ ನಿಂತವನು ಅರಸನಲ್ಲದಿದ್ದರೂ ಅರಸನೆಂದು ನುಡಿಯುತ್ತಾನೆ. ತನಗೆ ದುಃಖವಿಲ್ಲದಿದ್ದರೂ ಅಳುತ್ತಾನೆ. ನಡೆಯೇ ಬೇರೆ, ನುಡಿಯೇ ಬೇರೆ. ಹೀಗಿರುವಾಗ ರಾಯಬಾಗ, ಅಥಣಿ ಭಾಗದ ಭಕ್ತರು, 'ಅಪ್ಪಾವರ, ಹುಡುಗ ನಾಟಕದ ಸಾಲಿಗೆ ಹೋಗ್ತೇನಿ ಅಂತಾನ. ಬಣ್ಣಾ ಹಚ್ಕೊಂಡು ಇಲ್ಲದ್ದು ಇದ್ದಾಂಗ ತೋರಿಸೂದು ಕಲತ್ರ ನಡತಿ ಕೆಡೂದಿಲ್ಲೇನ್ರಿ?' ಎಂದು ಕೇಳಿದರೆ ಅದನ್ನು ಅಜ್ಞಾನದ ಮಾತೆಂದು ತಳ್ಳಿಹಾಕಲಾಗದು. ಅದರಲ್ಲಿ ತೂಕವಿದೆ.

ಮೊದಲು ಪೂರ್ವಪಕ್ಷವನ್ನೇ ಬಲಪಡಿಸಿ ನೋಡೋಣ. ಗ್ರೀಕ್ ದಾರ್ಶನಿಕ ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ ಇದೇ ಆಕ್ಷೇಪವನ್ನು ಎತ್ತಿದ್ದಾನೆ. ಎಳವೆಯಿಂದ ಬಹುಕಾಲ ನಡೆದ ಅನುಕರಣೆಯು ದೇಹ, ಧ್ವನಿ, ಬುದ್ಧಿಗಳಲ್ಲಿ ಅಭ್ಯಾಸವಾಗಿ ನೆಲೆಗೊಂಡು ಕೊನೆಗೆ ಸ್ವಭಾವವೇ ಆಗುತ್ತದೆ. ಆದ್ದರಿಂದ ನಾಡನ್ನು ಕಾಯಬೇಕಾದವರು ಕೀಳಾದುದನ್ನು ಅನುಕರಿಸಬಾರದು ಎಂಬುದು ಅವನ ವಾದ. ಕಳ್ಳನ ವೇಷ ಹಾಕಿ ಹಾಕಿ ಕಳ್ಳನೇ ಆದರೆ ಗತಿಯೇನು? ಈ ಮಾತಿಗೆ ಉತ್ತರ ಕೊಡದೆ ಮುಂದೆ ಸಾಗುವುದು ಪ್ರಾಮಾಣಿಕತೆಯಲ್ಲ.

ನಮ್ಮ ಸೀಮೆಗೆ ನಾಟಕವು ಹೊರಗಿನಿಂದ ಬಂದ ವಸ್ತುವಲ್ಲ. ಗೋಕಾಕ ಭಾಗದ ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದ ಶ್ರೀಕೃಷ್ಣ ಪಾರಿಜಾತವು ಊರೂರಿನ ಜಾತ್ರೆಗಳಲ್ಲಿ ಬೆಳತನಕ ನಡೆದಿದೆ. ಕಾಗವಾಡಕ್ಕೆ ಕೂಗಳತೆಯಲ್ಲಿರುವ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ 'ಸೀತಾಸ್ವಯಂವರ'ದಿಂದ ಮರಾಠಿ ರಂಗಭೂಮಿಯ ಆರಂಭವನ್ನು ಎಣಿಸುತ್ತಾರೆ. ಆ ಪ್ರಯೋಗಕ್ಕೆ ಪ್ರೇರಣೆಯಾದುದು ಕರ್ನಾಟಕದಿಂದ ಹೋದ ಭಾಗವತರ ಮೇಳದ ಆಟ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರಲ್ಲಿ ಲಿಂಗೈಕ್ಯರಾದ ಏಣಗಿ ಬಾಳಪ್ಪನವರು ಬಸವಣ್ಣನ ಪಾತ್ರದಿಂದ ಜನಮನದಲ್ಲಿ ನೆಲೆಸಿದರು. ಓದು ಬಾರದ ಸಹಸ್ರಾರು ಜನ ಬಸವಣ್ಣನನ್ನು ಕಂಡುದು ಗ್ರಂಥದಲ್ಲಲ್ಲ, ಇಂಥ ನಟರ ಮುಖದಲ್ಲಿ.

ಅದಕ್ಕಿಂತ ಮಿಗಿಲಾಗಿ, ಹನ್ನೆರಡನೆಯ ಶತಮಾನದ ಶರಣರ ನಡುವೆ ವೇಷ ಹಾಕುವುದನ್ನೇ ಕಾಯಕ ಮಾಡಿಕೊಂಡ ಬಹುರೂಪಿ ಚೌಡಯ್ಯನಿದ್ದನು. ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆಯೂ ಇದ್ದನು. ಕಪಟವೇಷವನ್ನು ಕಟುವಾಗಿ ಖಂಡಿಸಿದ ಶರಣರೇ ವೇಷಧಾರಿಯನ್ನು ತಮ್ಮ ಸಮಾನನೆಂದು ಸ್ವೀಕರಿಸಿದರು. ಇದರಲ್ಲಿ ವಿರೋಧವಿಲ್ಲ. ಡಾಂಭಿಕನು ತನ್ನದು ವೇಷವೆಂಬುದನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟು ಲಾಭ ಪಡೆಯುತ್ತಾನೆ. ಬಹುರೂಪಿಯು ತನ್ನದು ವೇಷವೆಂಬುದನ್ನು ಮೊದಲೇ ಸಾರಿ ಅನಂತರ ವೇಷ ಹಾಕುತ್ತಾನೆ. ನೋಡುವವರೂ ಅದನ್ನು ಬಲ್ಲರು. ಅಲ್ಲಿ ಒಪ್ಪಂದವಿದೆ, ವಂಚನೆಯಿಲ್ಲ. ಆಟ ಮುಗಿದ ಮೇಲೆ ನಟನು ಬಣ್ಣ ತೊಳೆಯುತ್ತಾನೆ. ಡಾಂಭಿಕನಿಗೆ ಬಣ್ಣ ತೊಳೆಯುವ ಹೊತ್ತೇ ಬರುವುದಿಲ್ಲ.

ಆದರೆ ಇಷ್ಟರಿಂದ ಅಭಿನಯವು ಪಾಪವಲ್ಲವೆಂದು ಮಾತ್ರ ಸಿದ್ಧವಾಯಿತು. ಅದು ಪುಣ್ಯವೇ, ಅಂದರೆ ಮನುಷ್ಯನನ್ನು ಉತ್ತಮನನ್ನಾಗಿ ಮಾಡಬಲ್ಲುದೇ ಎಂಬುದು ಬೇರೆಯ ಪ್ರಶ್ನೆ. ಇದಕ್ಕೆ ಉತ್ತರವು ನಾಟಕದ ರಾತ್ರಿಯಲ್ಲಲ್ಲ, ರಂಗಶಾಲೆಯ ತರಗತಿಯಲ್ಲಿ ದೊರೆಯುತ್ತದೆ. ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ, ಅನಂತರ ರಂಗತರಬೇತಿ ಪಡೆದ ಚಿಕ್ಕೋಡಿ ಕಡೆಯ ಯುವಕನೊಬ್ಬನು ತನ್ನ ಅಭ್ಯಾಸದ ಟಿಪ್ಪಣಿಗಳನ್ನು ನಮಗೆ ಓದಲು ಕೊಟ್ಟಿದ್ದನು. ಅವನ ಅನುಮತಿಯಿಂದ ಅವುಗಳಲ್ಲಿ ಕೆಲವನ್ನು ಇಲ್ಲಿ ವಿಚಾರಿಸುತ್ತೇವೆ.

ಮೊದಲ ತಿಂಗಳು ಅವರಿಗೆ ಮಾತನ್ನೇ ಕೊಡಲಿಲ್ಲವಂತೆ. ಒಂದು ದಿನ ಕಣ್ಣು ಮುಚ್ಚಿ ಕುಳಿತು ಕಿವಿಗೆ ಬಿದ್ದ ಸದ್ದುಗಳನ್ನೆಲ್ಲ ಎಣಿಸಬೇಕು. ಇನ್ನೊಂದು ದಿನ ಇಬ್ಬರು ಎದುರುಬದುರಾಗಿ ನಿಂತು ಒಬ್ಬನು ಕನ್ನಡಿಯಾಗಬೇಕು. ಎದುರಿನವನು ಕೈಯೆತ್ತಿದಂತೆ ಇವನೂ ಎತ್ತಬೇಕು. 'ನಾನು ಅವನ ಕೈಯನ್ನು ನೋಡುತ್ತಿದ್ದಾಗಲೆಲ್ಲ ತಡವಾಯಿತು. ಅವನ ಕಣ್ಣನ್ನೇ ನೋಡತೊಡಗಿದಾಗ ತಡವಾಗಲಿಲ್ಲ' ಎಂದು ಆತ ಬರೆದಿದ್ದಾನೆ. ಮತ್ತೊಂದು ಅಭ್ಯಾಸದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸಹಪಾಠಿಯ ಬೆರಳು ಹಿಡಿದು ನಡೆಯಬೇಕು. ಇವನನ್ನು ನಡೆಸಿದವನು ನಿಪ್ಪಾಣಿ ಕಡೆಯ ಮರಾಠಿ ಮನೆಮಾತಿನ ಹುಡುಗ. ಗಡಿಯ ಜಗಳದ ಕಾರಣದಿಂದ ಇಬ್ಬರೂ ಅದುವರೆಗೆ ಒಬ್ಬರನ್ನೊಬ್ಬರು ಸರಿಯಾಗಿ ಮಾತನಾಡಿಸಿರಲಿಲ್ಲ. ಮೆಟ್ಟಿಲು ಬಂದಾಗ ಆ ಹುಡುಗ ಬೆರಳನ್ನು ತುಸು ಮೇಲೆತ್ತುತ್ತಿದ್ದನಂತೆ. ಸಭೆ ಕೂಡಿಸಿ ಐಕ್ಯದ ಮಾತಾಡಿದರೆ ಆಗದ ಕೆಲಸವನ್ನು ಒಂದು ಬೆರಳು ಮಾಡಿತು.

ನಿಜವಾದ ಪರೀಕ್ಷೆ ಬಂದುದು ವೀಕ್ಷಣೆಯ ಅಭ್ಯಾಸದಲ್ಲಿ. ಊರಿಗೆ ಹೋದಾಗ ದುಡಿಯುವ ಒಬ್ಬರನ್ನು ಗಮನಿಸಿ ಬಂದು ತರಗತಿಯಲ್ಲಿ ಅಭಿನಯಿಸಬೇಕಾಗಿತ್ತು. ಇವನು ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಒಬ್ಬ ತಾಯಿಯನ್ನು ಆರಿಸಿಕೊಂಡನು. ತಂಬಾಕಿನ ಈ ಪಟ್ಟಣವನ್ನು ಜನ 1981ರ ರೈತ ಚಳವಳಿಯಿಂದ ನೆನೆಯುತ್ತಾರೆ. ಮನೆಯ ಮೂಲೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರನ್ನು ನೆನೆಯುವವರು ಕಡಿಮೆ. ಇವನು ಆಕೆಯ ಬಾಗಿದ ಬೆನ್ನು, ಕೆಮ್ಮು, ಗೊಣಗುವ ದನಿ ಎಲ್ಲವನ್ನೂ ಥೇಟಾಗಿ ತೋರಿಸಿದನು. ತರಗತಿ ಗೊಳ್ಳೆಂದು ನಕ್ಕಿತು. ಇವನಿಗೆ ಸಂತೋಷವಾಯಿತು. ಗುರುಗಳು ಮಾತ್ರ ನಗಲಿಲ್ಲ. 'ಆ ತಾಯಿ ಎದುರಿಗೆ ಕುಳಿತಿದ್ದರೆ ಇದನ್ನು ಹೀಗೆಯೇ ಮಾಡುತ್ತಿದ್ದೆಯಾ?' ಎಂದು ಒಂದೇ ಪ್ರಶ್ನೆ ಕೇಳಿದರು.

ಮರುದಿನ ಅವನನ್ನು ನೆಲದ ಮೇಲೆ ಕೂರಿಸಿ, ತೊಡೆಯ ಮೇಲೆ ಬರಿಯ ಮೊರವಿಟ್ಟು, ಇಲ್ಲದ ಎಲೆ, ಇಲ್ಲದ ತಂಬಾಕು, ಇಲ್ಲದ ದಾರದಿಂದ ಎರಡು ತಾಸು ಬೀಡಿ ಕಟ್ಟಿಸಿದರು. ಎಲೆ ಕತ್ತರಿಸಬೇಕು, ಪುಡಿ ತುಂಬಬೇಕು, ಸುರುಳಿ ಸುತ್ತಬೇಕು, ತುದಿ ಮಡಚಬೇಕು, ದಾರ ಬಿಗಿಯಬೇಕು, ಮತ್ತೆ ಎಲೆ. ಅರ್ಧ ತಾಸಿಗೆ ಸೊಂಟ ಹಿಡಿಯಿತು. ಒಂದು ತಾಸಿಗೆ ಅವನು ಕೆಮ್ಮನ್ನೂ ಗೊಣಗಾಟವನ್ನೂ ಮರೆತಿದ್ದನು, ಎಣಿಕೆಯೊಂದೇ ಉಳಿದಿತ್ತು. ಯಾರೂ ನಗಲಿಲ್ಲ. ಆ ರಾತ್ರಿ ಅವನು ಬರೆದ ಮಾತು ಇದು: 'ಆಕೆಯ ಬೆನ್ನು ಏಕೆ ಬಾಗಿದೆಯೆಂದು ನನ್ನ ಬೆನ್ನಿಗೆ ಈಗ ಗೊತ್ತು. ಆದರೆ ಎಣಿಸುವಾಗ ಆಕೆ ಏನನ್ನು ನೆನೆಯುತ್ತಾಳೆಂದು ನನಗೆ ಗೊತ್ತಿಲ್ಲ. ಅದನ್ನು ನಾನು ಅಭಿನಯಿಸಲಾರೆ.'

ವಾಚಕರು ಈ ಎರಡು ಅನುಕರಣೆಗಳ ಅಂತರವನ್ನು ಚೆನ್ನಾಗಿ ಗಮನಿಸಬೇಕು. ಮೊದಲನೆಯದರಲ್ಲಿ ಅವನು ಆಕೆಯಿಂದ ಲಕ್ಷಣಗಳನ್ನು ಕಿತ್ತುಕೊಂಡು ತನ್ನ ಜಾಣ್ಮೆಗೆ ಆಭರಣ ಮಾಡಿಕೊಂಡನು. ಎರಡನೆಯದರಲ್ಲಿ ಆಕೆಯ ಕಾಯಕವನ್ನು ತನ್ನ ಮೈಮೇಲೆ ಹೊತ್ತನು. ಭರತಮುನಿ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ಹೇಳುತ್ತಾನೆ. ಮೊದಲ ಮೂರನ್ನು ಕಣ್ಣು ಕಿವಿಗಳಿಂದ ಕದಿಯಬಹುದು. ಸಾತ್ತ್ವಿಕಕ್ಕೆ ಮನಸ್ಸಿನ ಸಮಾಧಾನ ಬೇಕು, ಅದನ್ನು ಕದಿಯಲಾಗದು. ರಷ್ಯಾದ ನಾಟ್ಯಾಚಾರ್ಯ ಸ್ಟಾನಿಸ್ಲಾವ್‌ಸ್ಕಿ ನಟನಿಗೆ ಕೊಟ್ಟ ಬೀಜಮಂತ್ರವೂ 'ಒಂದು ವೇಳೆ ನಾನು ಈ ಸ್ಥಿತಿಯಲ್ಲಿದ್ದರೆ' ಎಂಬುದೇ. ದಯೆಯೆಂಬ ಗುಣ ಮೊಳೆಯುವುದೂ ಇದೇ ಪ್ರಶ್ನೆಯಿಂದಲ್ಲವೇ?

ಈಗ ಪ್ಲೇಟೋವಿನ ಆಕ್ಷೇಪಕ್ಕೆ ಬರೋಣ. ಅನುಕರಣೆ ಸ್ವಭಾವವಾಗುತ್ತದೆಂದು ಅವನು ಹೇಳಿದ್ದು ಸುಳ್ಳಲ್ಲ. ಆದರೆ ಸ್ವಭಾವವಾಗಿ ಉಳಿಯುವುದು ಪಾತ್ರವಲ್ಲ, ಪಾತ್ರವನ್ನು ನೋಡಿದ ದೃಷ್ಟಿ. ಅಣಕಿಸುತ್ತ ಅನುಕರಿಸಿದವನಲ್ಲಿ ಅಣಕವು ನೆಲೆಗೊಳ್ಳುತ್ತದೆ, ಅವನು ಸಂತನ ಪಾತ್ರ ಮಾಡಿದರೂ ಸರಿಯೇ. ಅರಿಯಲೆಂದು ಅನುಕರಿಸಿದವನಲ್ಲಿ ಅರಿವು ನೆಲೆಗೊಳ್ಳುತ್ತದೆ, ಅವನು ಕಳ್ಳನ ಪಾತ್ರ ಮಾಡಿದರೂ ಸರಿಯೇ. ಆದ್ದರಿಂದ ಯಾವ ಪಾತ್ರವೆಂಬುದಕ್ಕಿಂತ ಯಾವ ಭಾವದಿಂದ ಎಂಬುದೇ ಮುಖ್ಯ.

ನಟರು 'ಪರಕಾಯ ಪ್ರವೇಶ' ಎಂಬ ದೊಡ್ಡ ಮಾತನ್ನು ಬಳಸುತ್ತಾರೆ. ಆ ಯುವಕನ ಕೊನೆಯ ಸಾಲು ಅದನ್ನು ತಿದ್ದುತ್ತದೆ. ಪರರ ಒಳಗನ್ನು ನಾವು ಹೊಗಲಾರೆವು. ಅವರ ನೋವಿಗೆ ನಮ್ಮ ಮೈಯಲ್ಲಿ ತುಸು ಎಡೆ ಮಾಡಿಕೊಡಬಲ್ಲೆವು, ಅಷ್ಟೇ. ತಿಳಿದುದರ ಜೊತೆಗೆ ತಿಳಿಯದೆ ಉಳಿದುದನ್ನೂ ಗೌರವಿಸುವುದೇ ವಿನಯ. ಆ ಗುರುಗಳ ಪ್ರಶ್ನೆ ರಂಗಭೂಮಿಗೆ ಮಾತ್ರ ಸೀಮಿತವಲ್ಲ. ವೇದಿಕೆಯ ಮೇಲೆ ಬಡವರ ಕಷ್ಟವನ್ನು ಬಣ್ಣಿಸುವ ರಾಜಕಾರಣಿ, ಪ್ರವಚನಕಾರ, ಲೇಖಕ ಎಲ್ಲರೂ ಅದನ್ನು ಕೇಳಿಕೊಳ್ಳಬೇಕು: ಅವರು ಎದುರಿಗೆ ಕುಳಿತಿದ್ದರೆ ಈ ಮಾತನ್ನು ಹೀಗೆಯೇ ಆಡುತ್ತಿದ್ದೆವೇ?

ಕೆ. ವಿ. ಸುಬ್ಬಣ್ಣನವರ ನೀನಾಸಂ 1980ರಲ್ಲಿ ಹೆಗ್ಗೋಡಿನಲ್ಲಿ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿ, ಹಳ್ಳಿಯಲ್ಲಿಯೂ ಈ ವಿದ್ಯೆಯನ್ನು ಶಿಸ್ತಿನಿಂದ ಕಲಿಸಬಹುದೆಂದು ತೋರಿಸಿತು. ಸಾಣೇಹಳ್ಳಿಯ ಶ್ರೀಮಠವು 1997ರಿಂದ ಶಿವಸಂಚಾರದ ಮೂಲಕ ನಾಡಿನ ಊರೂರಿಗೆ ನಾಟಕವನ್ನು ಕೊಂಡೊಯ್ದು, ಮಠಕ್ಕೂ ರಂಗಕ್ಕೂ ವೈರವಿಲ್ಲವೆಂದು ಸಾರಿತು. ನಮ್ಮ ಭಾಗದ ಶಾಲೆಗಳು ಸ್ನೇಹಸಮ್ಮೇಳನದ ಒಂದು ದಿನದ ಗದ್ದಲಕ್ಕೆ ತೃಪ್ತವಾಗದೆ, ವಾರಕ್ಕೊಂದು ತಾಸನ್ನಾದರೂ ಕೇಳುವ, ನೋಡುವ, ಇನ್ನೊಬ್ಬರ ಕಾಯಕವನ್ನು ಕೈಯಾರೆ ಅನುಭವಿಸುವ ಅಭ್ಯಾಸಕ್ಕೆ ಮೀಸಲಿಡುವುದು ಲೇಸು. ಅದಕ್ಕೆ ಪರದೆ ಬೇಡ, ಬಣ್ಣ ಬೇಡ, ಖರ್ಚೂ ಇಲ್ಲ.

ಮಗನು ರಂಗಶಾಲೆಗೆ ಹೋಗುತ್ತೇನೆಂದರೆ ತಂದೆತಾಯಿಗಳು ಹೆದರಬೇಕಾಗಿಲ್ಲ. ಮುಂದೆ ಅವನು ನಟನಾಗಬಹುದು, ಆಗದೆ ಕಬ್ಬಿನ ಗದ್ದೆಗೇ ಮರಳಬಹುದು. ರಜೆಗೆ ಮನೆಗೆ ಬಂದಾಗ ಅವನು ಅಡಿಗೆಮನೆಯಲ್ಲಿರುವ ತಾಯಿಯನ್ನೂ ಹೊಲದ ಆಳನ್ನೂ ಮೊದಲಿಗಿಂತ ಹೆಚ್ಚು ಹೊತ್ತು, ಹೆಚ್ಚು ಗೌರವದಿಂದ ನೋಡುತ್ತಾನೆಯೇ ಎಂಬುದನ್ನು ಮಾತ್ರ ಪರೀಕ್ಷಿಸಿರಿ. ನೋಡುತ್ತಾನೆಂದಾದರೆ ಅವನ ವಿದ್ಯೆ ಸಾರ್ಥಕವಾಗಿದೆ.