ರಾತ್ರಿ ಬಂದ್ ಮಾಡುವ ಪಂಪು

ಮೀನಿನ ತೊಟ್ಟಿಯ ಗಾಳಿ ಪಂಪಿಗೆ ಹಗಲಲ್ಲಿ ಶತ್ರುಗಳಿಲ್ಲ. ಬೀದಿಯ ಟಮ್‌ಟಮ್, ಟಿ.ವಿ., ಅಡಿಗೆಮನೆಯ ಮಿಕ್ಸರ್, ಇವುಗಳ ನಡುವೆ ಅದರ ದನಿ ಯಾರಿಗೂ ಲೆಕ್ಕಕ್ಕಿಲ್ಲ. ದೀಪ ಆರಿಸಿ ಹಾಸಿಗೆಗೆ ಬೆನ್ನು ಕೊಟ್ಟಾಗ ಮಾತ್ರ ಗುಂಯ್ ಎನ್ನುವುದು ಕಿವಿಗೆ ಬೀಳುತ್ತದೆ. “ಅದನ್ನ ಬಂದ್ ಮಾಡೋ ತಮ್ಮಾ, ನಿದ್ದಿ ಹತ್ತವಲ್ದು” ಎಂದು ಒಳಗಿನಿಂದ ಅಜ್ಜಿ ಹೇಳುತ್ತಾಳೆ. ಮೊಮ್ಮಗ ಎದ್ದು ಸ್ವಿಚ್ ಒತ್ತುತ್ತಾನೆ. ಅಜ್ಜಿಯದೂ ತಪ್ಪಲ್ಲ, ಹುಡುಗನದೂ ತಪ್ಪಲ್ಲ. ಆದರೆ ಮೀನಿಗೆ ಆ ಪಂಪಿನ ಗರಜು ಹೆಚ್ಚಾಗುವುದು ಆ ಹೊತ್ತಿನಿಂದಲೇ.

ಬೆಳಕಿದ್ದಾಗ ತೊಟ್ಟಿಯ ಗಿಡ, ಪಾಚಿ ಆಮ್ಲಜನಕ ಬಿಡುತ್ತವೆ. ಕತ್ತಲಾದ ಮೇಲೆ ಅವೂ ಮೀನಿನ ಹಾಗೆ ಆಮ್ಲಜನಕ ಎಳೆದುಕೊಳ್ಳುತ್ತವೆ. ಕೊಡುವವರು ಯಾರೂ ಇಲ್ಲ, ಉಣ್ಣುವವರೇ ಎಲ್ಲ. ಹೀಗೆ ರಾತ್ರಿಯಿಡೀ ಇಳಿದಿಳಿದು ನಸುಕಿನ ಹೊತ್ತಿಗೆ ನೀರಿನ ಆಮ್ಲಜನಕ ಅತಿ ಕಡಿಮೆಯಾಗಿರುತ್ತದೆ. ಕೆರೆ, ಹೊಂಡಗಳಲ್ಲಿ ಮೀನು ಸಾಕುವವರು ಇದನ್ನು ಬಲ್ಲರು. ಮೀನು ಮೇಲೆ ಬಂದು ಬಾಯಿ ಬಿಡುತ್ತಿವೆಯೇ ಎಂದು ಅವರು ಹೊತ್ತು ಮೂಡುವ ಮುಂಚೆ ಹೋಗಿ ನೋಡುತ್ತಾರೆ. ಗಿಡವಿಲ್ಲದ ತೊಟ್ಟಿಯಲ್ಲೂ ಮೀನಿನ ಉಸಿರಾಟಕ್ಕೆ ರಾತ್ರಿಯ ರಜೆ ಇಲ್ಲ. ನೋಡುವವರು ಎದ್ದಿರುವುದಿಲ್ಲ, ಅಷ್ಟೆ.

ಶಿರೂರ ಅನಂತಪಾಳ, ನಿಲಂಗಾ, ಉದಗೀರದಂಥ ಲಾತೂರು ಜಿಲ್ಲೆಯ ಊರುಗಳಲ್ಲಿ ಇದು ಇನ್ನೂ ಬಿಗಿಯಾದ ಮಾತು. ಇಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಪತ್ರಾ ಹೊದಿಸಿದ ಕೋಣೆಯಂತೂ ನಡುರಾತ್ರಿಯವರೆಗೂ ಕಾವು ಬಿಡುವುದಿಲ್ಲ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಅದೇ ಕಾವಿನಲ್ಲಿ ಮೀನಿನ ಉಸಿರು ಜೋರಾಗುತ್ತದೆ. ನೀರಿನ ಕೈ ಬರಿದಾಗುವಾಗಲೇ ಮೀನಿನ ಬೇಡಿಕೆ ಏರುತ್ತದೆ.

ಬಾಯಿ ಬಿಡುವ ಮೀನಿಗೆ ತಟ್ಟನೆ ಹೊಳೆಯುವ ಉಪಾಯ ನೀರು ಬದಲಿಸುವುದು. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಿಕೊಂಡ ಜಿಲ್ಲೆಯಿದು. ಇಲ್ಲಿ ಏಪ್ರಿಲ್, ಮೇನಲ್ಲಿ ಮೀನಿಗಾಗಿ ಕೊಡಗಟ್ಟಲೆ ನೀರು ಚೆಲ್ಲಲು ಮನೆಯವರು ಒಪ್ಪುವುದು ಕಷ್ಟ, ಒಪ್ಪದಿರುವುದೇ ಸರಿ. ಹೊಲಸು ತೆಗೆಯಲು ಆಗೀಗ ಸ್ವಲ್ಪ ನೀರು ಬದಲಿಸಲೇಬೇಕು. ಉಸಿರಿನ ಸಂಕಟಕ್ಕೆ ಮಾತ್ರ ಗಾಳಿ ಸಾಕು, ಗಾಳಿಗೆ ಬರಗಾಲವಿಲ್ಲ. ಮೂರು ವ್ಯಾಟಿನ ಪಂಪು ತಿಂಗಳಿಡೀ ಹಗಲೂ ರಾತ್ರಿ ನಡೆದರೂ ತಿನ್ನುವುದು ಎರಡು ಯೂನಿಟ್‌ಗಿಂತ ತುಸು ಹೆಚ್ಚು.

ಮೀನಿನ ಮೇಲಿನ ಆಸಕ್ತಿ ಈ ಸೀಮೆಗೆ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮೀನಿನ ಜಾತಿಗಳು, ಅವಕ್ಕೆ ಹಾಕುವ ಆಹಾರ, ಗಾಳ ಹಾಕುವ ವಿನೋದ ಎಲ್ಲವೂ ಇವೆ. ಅರಸನ ಮೀನಿಗೆ ಹೊಳೆ, ಕೆರೆಯ ಅಗಲವಾದ ನೀರಿತ್ತು. ಗಾಳಿ ತಾನಾಗಿ ಬೆರೆಯುತ್ತಿತ್ತು. ನಮ್ಮ ಗಾಜಿನ ಪೆಟ್ಟಿಗೆಯ ನೀರು ಗಾಳಿಗೆ ತೆರೆದುಕೊಳ್ಳುವುದು ಒಂದೆರಡು ಅಡಿ ಮಾತ್ರ. ಪಂಪಿನ ಗುಳ್ಳೆ ತಾನು ನೀರಿಗೆ ಕೊಡುವ ಆಮ್ಲಜನಕ ಕಡಿಮೆಯೇ. ಅದು ತಳದ ನೀರನ್ನು ಮೇಲೆತ್ತಿ, ಮೇಲ್ಮೈಯನ್ನು ಕದಡಿ, ಗಾಳಿಯ ಜೊತೆ ಬೆರೆಸುತ್ತದೆ. ಹಾಗಾಗಿ ಗುಳ್ಳೆ ಕುದಿಯುವಂತೆ ಏಳಬೇಕಿಲ್ಲ. ಸಣ್ಣ ತೊಟ್ಟಿಗೆ ದೊಡ್ಡ ಪಂಪು ತಂದರೆ ಹೆಚ್ಚುವುದು ಸದ್ದು.

ಆ ಸದ್ದು ಹುಟ್ಟುವ ಬಗೆ ಸರಳ. ಡಬ್ಬಿಯೊಳಗೆ ಒಂದು ಕಾಯಿಲ್, ಅದರೆದುರು ಆಯಸ್ಕಾಂತ ಹೊತ್ತ ಪುಟ್ಟ ತೋಳು, ತೋಳಿನ ತುದಿಗೆ ರಬ್ಬರಿನ ಬಟ್ಟಲು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ. ತೋಳೂ ಅಷ್ಟೇ ಸಲ ಅಲುಗಿ ಗಾಳಿಯನ್ನು ಒತ್ತುತ್ತದೆ. ಈ ಅದುರು ಪಂಪಿನಲ್ಲೇ ಉಳಿದರೆ ಸದ್ದು ಸಣ್ಣದು. ಮರದ ಮೇಜಿಗೋ ತಗಡಿನ ಕಪಾಟಿಗೋ ತಾಗಿದರೆ, ತಂತಿಯ ದನಿಯನ್ನು ತಂಬೂರಿಯ ಬುರುಡೆ ಹಿಗ್ಗಿಸಿದ ಹಾಗೆ, ಮೇಜೇ ಹಾಡತೊಡಗುತ್ತದೆ. ಆದ್ದರಿಂದ ಕೊಳ್ಳುವಾಗ ಪಂಪಿನ ಕಾಲು ಮೆತ್ತನೆಯ ರಬ್ಬರಿನದೇ, ಡಬ್ಬಿ ದಪ್ಪವೇ ಎಂದು ನೋಡಬೇಕು. ಮನೆಗೆ ತಂದ ಮೇಲೆ ಸ್ಪಂಜಿನ ತುಂಡಿನ ಮೇಲಿಡಬೇಕು ಇಲ್ಲವೇ ದಾರ ಕಟ್ಟಿ ತೂಗುಹಾಕಬೇಕು, ಗೋಡೆಗೆ ತಾಗಿಸಬಾರದು. ಪೈಪಿನ ತುದಿಯಲ್ಲಿ ಗುಳ್ಳೆ ಬಿಡುವ ಗಾಳಿ ಕಲ್ಲು ಕಟ್ಟಿಕೊಂಡರೂ, ಗುಳ್ಳೆ ತಗ್ಗಿಸಲೆಂದು ಪೈಪು ಹಿಸುಕಿದರೂ ಒಳಗೆ ಒತ್ತಡ ಏರಿ ಪಂಪು ಗುರುಗುಟ್ಟುತ್ತದೆ, ರಬ್ಬರು ಬೇಗ ಹರಿಯುತ್ತದೆ. ಗಾಳಿ ಹೆಚ್ಚಾದರೆ ಪಕ್ಕಕ್ಕೆ ಬಿಡುವ ಟಿ ವಾಲ್ವು ಹಾಕುವುದು ಮೇಲು.

ಅಂಗಡಿಯಲ್ಲಿ ಕಿವಿಗೊಟ್ಟು ಆರಿಸುವುದು ಬಹುಮಟ್ಟಿಗೆ ವ್ಯರ್ಥ. ಉದಗೀರದ ಪೇಟೆಯ ಗದ್ದಲದಲ್ಲಿ ಎಲ್ಲ ಪಂಪುಗಳೂ ಮೂಕವೇ. ಡಬ್ಬಿಯ ಮೇಲಿನ ಡೆಸಿಬೆಲ್ಲನ್ನೂ ಎಷ್ಟು ದೂರದಿಂದ ಅಳೆದದ್ದೆಂದು ಹೇಳದಿದ್ದರೆ ನಂಬುವಂತಿಲ್ಲ. ವಸತಿ ಪ್ರದೇಶದ ರಾತ್ರಿಯ ಸದ್ದಿಗೆ 2000ರ ಶಬ್ದಮಾಲಿನ್ಯ ನಿಯಮ ಹಾಕಿರುವ ಮಿತಿ 45 ಡೆಸಿಬೆಲ್. ಆದರೆ ಸಣ್ಣ ಊರಿನ ರಾತ್ರಿ ಅದಕ್ಕಿಂತ ಎಷ್ಟೋ ನಿಶ್ಶಬ್ದವಾಗಿರುತ್ತದೆ. ಬೇಸಿಗೆಯಲ್ಲಿ ಫ್ಯಾನಿನ ಸದ್ದು ಪಂಪನ್ನು ಮುಚ್ಚಿಕೊಂಡರೂ ಚಳಿಗಾಲದಲ್ಲಿ ಆ ಮರೆಯೂ ಇಲ್ಲ. “ಒಂದು ರಾತ್ರಿ ಮನ್ಯಾಗ ಇಟ್ಟು ನೋಡ್ತೀನ್ರಿ, ಒಗ್ಗದಿದ್ರ ಬದಲಿ ಕೊಡ್ರಿ” ಎಂದು ಅಂಗಡಿಯವರ ಹತ್ತಿರ ಮೊದಲೇ ಮಾತಾಡಿಕೊಳ್ಳುವುದು ಎಲ್ಲ ಅಂಕಿಗಳಿಗಿಂತ ಗಟ್ಟಿ.

ಲೈಟು ಹೋಗುವ ಊರಿಗೆ ಇನ್ನೆರಡು ಮಾತು. ಪಂಪು ನಿಂತಾಗ ತೊಟ್ಟಿಯ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ನುಗ್ಗಬಹುದು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ ಇಲ್ಲವೇ ನೀರನ್ನು ಹಿಂದಕ್ಕೆ ಬಿಡದ ಪುಟ್ಟ ವಾಲ್ವು ಜೋಡಿಸಿ. ಕರೆಂಟಿನಲ್ಲಿ ಸುಮ್ಮನಿದ್ದ ಪಂಪು ಇನ್ವರ್ಟರಿನಲ್ಲಿ ಜೋರಾಗಿ ಗುಂಯ್ಗುಟ್ಟಿದರೆ ಕೆಟ್ಟಿತೆಂದು ಎಸೆಯಬೇಡಿ. ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟಿಗೆ ಫ್ಯಾನು ಹೇಗೆ ಗುಂಯ್ಗುಟ್ಟುತ್ತದೋ ಪಂಪೂ ಹಾಗೆಯೇ.

ಇದಾವುದರ ಗೋಜೂ ಬೇಡವೆಂದರೆ ಫೈಟರ್ ಮೀನು ಸಾಕಬಹುದು. ಅದು ಮೇಲೆ ಬಂದು ನೇರವಾಗಿ ಗಾಳಿಯನ್ನೇ ಕುಡಿಯುತ್ತದೆ, ಪಂಪು ಕೇಳುವುದಿಲ್ಲ. ಗೋಲ್ಡ್‌ಫಿಶ್‌ಗೆ ಆ ಸೌಕರ್ಯವಿಲ್ಲ.

ಪಂಪಿನ ಮೌನ ನಮ್ಮ ಕಿವಿಯ ಸುಖಕ್ಕೆಂದು ಕೊಡುವ ಹೆಚ್ಚಿನ ಬೆಲೆ ಎಂದು ತೋರುತ್ತದೆ. ನಿಜವಾಗಿ ಅದು ಮೀನಿನ ರಾತ್ರಿಗೆ ಕೊಡುವ ಬೆಲೆ; ಗದ್ದಲದ ಪಂಪು ಎಷ್ಟೇ ಬಲವಾಗಿರಲಿ, ಬಂದ್ ಆದ ಮೇಲೆ ಅದರ ಬಲ ಸೊನ್ನೆ. ಅಷ್ಟಾಗಿಯೂ ಅಜ್ಜಿಗೆ ನಿದ್ದೆ ಬಾರದಿದ್ದರೆ ನಾಲ್ಕು ಮೊಳ ಹೆಚ್ಚು ಪೈಪು ತಂದು ಪಂಪನ್ನು ಆಚೆ ಕೋಣೆಗೆ ಸಾಗಿಸಿ. ಸ್ವಿಚ್ಚಿಗೆ ಮಾತ್ರ ಕೈ ಹಾಕಬೇಡಿ.