ಚಳಿಗಾಲದ ಭಾನುವಾರ ಮತ್ತು ಹಗಲೂಟದ ನಿಯಮ

ಮಾರ್ಗಶಿರ ಮಾಸದಲ್ಲಿ ಬೆಂಗಳೂರಿನಲ್ಲಿ ಸಂಜೆ 6 ಗಂಟೆಯ ಸುಮಾರಿಗೆ ಸೂರ್ಯನು ಅಸ್ತಮಿಸುವನು. ಅದಕ್ಕೆ 2 ಘಳಿಗೆ, ಅಂದರೆ 48 ನಿಮಿಷ ಮೊದಲೇ ಆಹಾರವನ್ನು ಮುಗಿಸುವ ವ್ರತಿಕರು, ಕಚೇರಿಗೆ ಹೋದ ಮಕ್ಕಳಿಗಾಗಿ ಕಾಯಲಾರರು. ಹೀಗೆ ವಾರದ 5 ದಿನ ವ್ರತಸ್ಥರಾದ ತಾಯಿ ಏಕಾಕಿಯಾಗಿ ಊಟ ಮಾಡುವರು. ಶನಿವಾರ, ಭಾನುವಾರಗಳಲ್ಲಿ ಮಾತ್ರ ಮನೆಯವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕೂಡುವರು.

ಮಕ್ಕಳ ಈ ಎರಡು ದಿನಗಳ ರಾತ್ರಿಭೋಜನ ತ್ಯಾಗವು ವ್ರತವೆನಿಸುವುದೇ? ಅಥವಾ ಅದು ರಜೆಯ ಅನುಕೂಲವಷ್ಟೆಯೇ?

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಭೋಗೋಪಭೋಗಗಳ ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಕಾಲಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ. ಆದುದರಿಂದ ಅಲ್ಪಕಾಲದ ತ್ಯಾಗವೂ ತುಚ್ಛವಲ್ಲ. ಆದರೆ ಸಂಕಲ್ಪವಿಲ್ಲದೆ ಹಗಲಿನಲ್ಲಿ ಉಂಡರೆ ಅದು ಬೇಗನೆ ಉಂಡಂತಾಯಿತೇ ಹೊರತು ನಿಯಮವಾಗದು. ಭಾನುವಾರ ರಾತ್ರಿ ನೆಂಟರು ಸಿಹಿ ತಂದಾಗಲೂ ಕದಲದಿರುವುದೇ ನಿಯಮದ ಗುರುತು.

ಕೂಡಿ ಉಣ್ಣುವ ಸಂತೋಷವು ಮನೆಯೊಡತಿಯೊಬ್ಬಳ ದುಡಿಮೆಯ ಮೇಲೆ ನಿಲ್ಲಬಾರದು. ಈ ಋತುವಿನ ಅವರೆಕಾಯಿಯನ್ನು ಎಲ್ಲರೂ ಬಿಸಿಲಿನಲ್ಲಿ ಕುಳಿತು ಸುಲಿದು, ಹುಳುವಿರುವ ಕಾಯಿಯನ್ನು ಜೋಪಾನವಾಗಿ ಬೇರೆಯಿರಿಸಿದರೆ, ಅಡುಗೆಯು ಹೊತ್ತಿಗೆ ಸರಿಯಾಗಿ ಮುಗಿಯುವುದು. ಬೆಳಕಿನಲ್ಲಿ ಕಂಡು ಉಣ್ಣಬೇಕಾದ ಕಾರಣವೂ ಮಕ್ಕಳಿಗೆ ಉಪದೇಶವಿಲ್ಲದೆ ತಿಳಿಯುವುದು. ಬಳಿಕ ಉಳಿಯುವ ದೀರ್ಘ ಸಂಜೆಯು ಸ್ವಾಧ್ಯಾಯಕ್ಕೂ ಸಲ್ಲಾಪಕ್ಕೂ ಸಾಕಷ್ಟಾಗುವುದು.

ಸೋಮವಾರ ತಡವಾಗಿ ಬಂದು ಉಣ್ಣುವ ಮಗನನ್ನು ತಾಯಿ ಹಳಿಯಬಾರದು. ವ್ರತವನ್ನು ಸಡಿಲಿಸೆಂದು ಮಗನು ತಾಯಿಯನ್ನು ಒತ್ತಾಯಿಸಬಾರದು. ಬಲವಂತದಿಂದ ಬಂದ ತ್ಯಾಗವು ತ್ಯಾಗವಲ್ಲ. ಎರಡು ದಿನಗಳ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದವನು ಮೂರನೆಯ ದಿನವನ್ನು ತಾನಾಗಿಯೇ ಅರಸಿಯಾನು.